ತಿಳಿದವರು ಬಂದೂಕು ನೋಡಿದ್ದು

ನಮ್ಮ ಜನಕ್ಕೆ ಹಳೆಯ ವಸ್ತುವೊಂದನ್ನು ಕೊಳ್ಳಲು ಹಣವೊಂದಿದ್ದರೆ ಸಾಲದು. ಜೊತೆಗೆ ಒಬ್ಬ 'ತಿಳಿದವರು' ಬೇಕು. ಸೆಕೆಂಡ್‌ಹ್ಯಾಂಡ್ ಸ್ಕೂಟರಿರಲಿ, ಕರೆಯುವ ಎಮ್ಮೆಯಿರಲಿ, ಕೊಳ್ಳುವವನು ಒಬ್ಬನೇ ಹೋಗಿ ನಿಲ್ಲುವುದು ಅನಾಥನ ಲಕ್ಷಣ. ತಿಳಿದವರು ಮುಂದೆ ನಡೆಯಬೇಕು. ವಸ್ತುವಿಗೆ ಒಂದು ಸುತ್ತು ಬರಬೇಕು, ಬೆರಳ ಗೆಣ್ಣಿನಿಂದ ಕುಟ್ಟಬೇಕು, ಆಮೇಲೆ 'ಹೂಂ' ಎನ್ನಬೇಕು. ಆ 'ಹೂಂ' ಹೊಗಳಿಕೆಯೋ ತೆಗಳಿಕೆಯೋ ಮಾರುವವನಿಗೆ ತಿಳಿಯಕೂಡದು. ಈ ಪದವಿಗೆ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಯಾರಾದರೂ ಒಂದು ದಿನ 'ನೀವು ಸ್ವಲ್ಪ ಬಂದು ನೋಡಿ' ಎಂದು ಕರೆದರೆ ಸಾಕು, ಪಟ್ಟಾಭಿಷೇಕವಾದಂತೆ.

ತಿಪ್ಪೇಸ್ವಾಮಿಯವರನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ.

ಅವರು ಚಿತ್ರದುರ್ಗದ ಬಸ್ ಡಿಪೋದ ಉಗ್ರಾಣದಲ್ಲಿ ನಿವೃತ್ತಿಯವರೆಗೂ ಕುಳಿತು, ಕೇಳಿದವರಿಗೆ ಕೇಳಿದ ನಟ್ಟು ಬೋಲ್ಟು ಕೊಟ್ಟವರು. ಅವು ಬಸ್ಸಿನ ಯಾವ ಅಂಗಕ್ಕೆ ಸೇರುತ್ತವೆಂದು ಒಮ್ಮೆಯೂ ವಿಚಾರಿಸದವರು. ಅಷ್ಟು ಬಸ್ಸುಗಳ ನಡುವೆ ಬಾಳಿಯೂ ಸೈಕಲ್ ಹತ್ತಲು ಹೆದರುತ್ತಿದ್ದವರು. ಮಗಳು ಯಾಮಿನಿ ಮತ್ತು ಅಳಿಯ ಕೇದಾರ್ ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ಮನೆ ಮಾಡಿ, ಅವರನ್ನೂ ಹೆಂಡತಿ ಅಂಬುಜಾರನ್ನೂ ಕರೆಸಿಕೊಂಡ ಮೇಲೆ ತಿಳಿದವರಾಗುವ ಆಸೆ ಇನ್ನಷ್ಟು ದೂರವಾಯಿತು. ಏಕೆಂದರೆ ಹಿಲ್ಸ್‌ಬರೋದ ಕನ್ನಡಿಗರಿಗೆ ಆಗಲೇ ಒಬ್ಬ ತಿಳಿದವರು ಇದ್ದರು: ಬೆಂಗಳೂರಿನ ಬದರಿನಾಥ್. ಕಾರಿನ ಬಾನೆಟ್ ಎತ್ತಿಸಿ ಒಳಗೆ ಮೂಗಿಟ್ಟು ನಿಟ್ಟುಸಿರು ಬಿಡುವುದರಲ್ಲಿ ಅವರಿಗೆ ಸಮನಾದವರು ದಕ್ಷಿಣ ಗೋಳಾರ್ಧದಲ್ಲೇ ಇರಲಿಲ್ಲ.

ತಿಪ್ಪೇಸ್ವಾಮಿಯವರ ಬಳಿ ಇದ್ದ ಆಸ್ತಿ ಒಂದೇ: ಕಾಲೇಜಿನ ಎನ್.ಸಿ.ಸಿ.ಯಲ್ಲಿ ತಾವು ಥ್ರೀ ನಾಟ್ ಥ್ರೀ ಬಂದೂಕಿನ ನಿಪುಣ ಗುರಿಕಾರರಾಗಿದ್ದ ಕಥೆ. ಕಥೆಗಳೂ ಗಿಡಗಳಂತೆ, ಮಣ್ಣು ಬದಲಾದರೆ ಎಲೆ ಅಗಲವಾಗುತ್ತದೆ. ಚಿತ್ರದುರ್ಗದಲ್ಲಿ ಅವರು ಹಲಗೆಗೆ ಹೊಡೆದಿದ್ದರು. ಮಗಳ ಮದುವೆಯ ಹೊತ್ತಿಗೆ ಹಲಗೆಯ ನಡುವಿನ ಕಪ್ಪು ಚುಕ್ಕಿಗೆ ಹೊಡೆದಿದ್ದರು. ಸಾಗರ ದಾಟಿ ಬಂದ ಮೇಲೆ ಹಿಂದಿನ ಗುಂಡು ಮಾಡಿದ ತೂತಿನೊಳಗೇ ಮುಂದಿನ ಗುಂಡನ್ನು ಕಳಿಸತೊಡಗಿದ್ದರು.

ನಿಜವೇನೆಂದರೆ, ಅವರು ಕಾಲೇಜಿನ ಮೈದಾನದಲ್ಲಿ ಕವಾಯತು ಮಾಡಿದ್ದುಂಟು, ಹಳೆಯ ಬಂದೂಕನ್ನು ಭುಜದ ಮೇಲೆ ಹೊತ್ತದ್ದುಂಟು. ಆದರೆ ಗುಂಡು ಹಾರಿಸುವ ಶಿಬಿರಕ್ಕೆ ಹೊರಡುವ ಬೆಳಿಗ್ಗೆ ಅವರಿಗೆ ಮಂಗನಬಾವು ಬಂದು, ಎರಡೂ ಕೆನ್ನೆ ಊದಿ, ಗೆಳೆಯರು ಲಾರಿ ಹತ್ತುವುದನ್ನು ಹಾಸ್ಟೆಲಿನ ಕಿಟಕಿಯಿಂದ ನೋಡಿದರು. ಅವರು ಬಲ್ಲದ್ದೆಲ್ಲ ಕವಾಯತಿನ ಬಂದೂಕನ್ನು: ಅದರ ಭಾರ, ಎಣ್ಣೆಯ ವಾಸನೆ, ಎಡಮಗ್ಗುಲ ಮರದಲ್ಲಿ ಕಿರುಬೆರಳ ತುದಿ ತೂರುವಷ್ಟಿದ್ದ ಒಂದು ತೂತು. "ಇದೇಕೆ ಸಾರ್ ತೂತು?" ಎಂದು ಒಮ್ಮೆ ಕೇಳಿದ್ದಕ್ಕೆ ಹವಾಲ್ದಾರರು ಮೀಸೆಯಡಿ ನಕ್ಕು, "ಬಂದೂಕು ಉಸಿರಾಡಬೇಡವೇನೋ?" ಎಂದಿದ್ದರು. ತಿಪ್ಪೇಸ್ವಾಮಿ ಅದನ್ನು ಶಾಸ್ತ್ರವಾಕ್ಯವೆಂದು ನಂಬಿದರು. ಬಿಸಿಲಿನ ದೀರ್ಘ ಕವಾಯತುಗಳಲ್ಲಿ ಆ ಉಸಿರಿನ ತೂತಿಗೆ ಒಂದು ಬಿಳಿ ಪೆಪ್ಪರ್‌ಮಿಂಟು ಸಿಕ್ಕಿಸಿಟ್ಟು, ವಿಶ್ರಾಮದ ಸಮಯದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಇಂಥವರ ಅಳಿಯನಿಗೆ ಒಂದು ಹಳೆಯ ಬಂದೂಕು ಬೇಕಾಯಿತು.

ಕೇದಾರ್ ಮೈಸೂರಿನವನು, ಸೇತುವೆಗಳ ಎಂಜಿನಿಯರು, ಮೊಟ್ಟೆಯನ್ನೂ ತಿನ್ನದವನು. ಕಚೇರಿಯ ಗೆಳೆಯರೊಡನೆ ಗುರಿಯಾಟದ ಮೈದಾನಕ್ಕೆ ಹೋಗಿಬಂದು ಅದರ ಮೋಹಕ್ಕೆ ಬಿದ್ದಿದ್ದ. ಪರವಾನಗಿಗಾಗಿ ಪೊಲೀಸರ ಕಡೆಯಿಂದ ಬಂದ ಹೆಂಗಸು ಯಾಮಿನಿಯನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ಗಂಡನಿಗೆ ಕೋಪ ಬರುವುದುಂಟೇ ಎಂದು ಗಂಭೀರವಾಗಿ ಕೇಳಿದಾಗ, ಅಂಬುಜಾ ಅಡಿಗೆಮನೆಯಿಂದಲೇ ಉತ್ತರಿಸಿದ್ದರು: "ಅಳಿಯಂದಿರಿಗೆ ಕೋಪಾನಾ? ಬಚ್ಚಲಲ್ಲಿ ಜೇಡ ಕಂಡ್ರೆ ಟವಲ್ ಸುತ್ಕೊಂಡು ಹೊರಗೆ ಓಡಿ ಬರ್ತಾರೆ!"

"ಏನೆಂದರು?" ಎಂದು ಆಕೆ ಕೇಳಿದ್ದಳು.

"ವೆರಿ ಕಾಮ್ ಪರ್ಸನ್ ಅಂತಿದಾರೆ ನಮ್ಮಮ್ಮ" ಎಂದು ಯಾಮಿನಿ ಅನುವಾದಿಸಿದ್ದಳು. ಪರವಾನಗಿ ಬಂತು. ಗ್ಯಾರೇಜಿನ ಗೋಡೆಗೆ ಕಬ್ಬಿಣದ ಕಪಾಟು ಬಂತು. ಈಗ ಅದರೊಳಗೆ ಇಡಲು ಬಂದೂಕು ಬರಬೇಕಿತ್ತು.

೨೦೧೪ರ ಮಾರ್ಚಿನ ಒಂದು ಸಂಜೆ, ಊಟದ ಮೇಜಿನ ಮೇಲೆ ಫೋನಿಟ್ಟು ಕೇದಾರ್ ಚಿತ್ರ ತೋರಿಸಿದ. ಪಕ್ಕದ ಬಡಾವಣೆ ಒನೆಹುಂಗಾದಲ್ಲಿ ಒಬ್ಬರು ಮಾರುತ್ತಿದ್ದಾರೆ. ಮಹಾಯುದ್ಧದ ಕಾಲದ್ದು, ಥ್ರೀ ನಾಟ್ ಥ್ರೀ.

"ಏನನ್ನ ಕೊಲ್ತೀರಪ್ಪ ಇದ್ರಲ್ಲಿ?" ಎಂದರು ಅಂಬುಜಾ.

"ಏನೂ ಇಲ್ಲ ಅತ್ತೆ. ಬರೀ ಕಾಗದಕ್ಕೆ ಹೊಡೆಯೋದು."

"ಕಾಗದ ಸರಸ್ವತಿ ಅಲ್ವೇ? ಕಾಲು ತಾಗಿದ್ರೇ ಕಣ್ಣಿಗೊತ್ಕೊಳ್ತೀವಿ. ಗುಂಡು ಹೊಡೀತಾರಂತೆ!"

"ಏನೂ ಬರೆಯದ ಕಾಗದ, ಅತ್ತೆ."

"ಬರೆಯೋಕೆ ಮುಂಚೆ ಹೊಡೆದ್ರೆ ಇನ್ನೂ ಪಾಪ" ಎಂದು ಅಂಬುಜಾ ತೀರ್ಪಿತ್ತು, ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು.

ಕೇದಾರ್ ಮಾವನ ಕಡೆ ತಿರುಗಿದ. "ನಾನು ವಿಡಿಯೋ ಎಲ್ಲಾ ನೋಡಿದೀನಿ ಮಾವ. ಆದ್ರೂ ಕೈಯಲ್ಲಿ ಹಿಡಿದವರ ಅನುಭವಾನೇ ಬೇರೆ. ಹಳೇ ಬಂದೂಕು, ಒಳಗೆ ಏನಾದ್ರೂ ಕೆಟ್ಟಿದ್ರೆ ಮುಖದ ಹತ್ರಾನೇ ಸಿಡಿಯುತ್ತಂತೆ. ಶನಿವಾರ ನೀವು ಸ್ವಲ್ಪ ಬಂದು ನೋಡಿ."

ನೀವು ಸ್ವಲ್ಪ ಬಂದು ನೋಡಿ! ತಿಪ್ಪೇಸ್ವಾಮಿ ಮುರಿದ ಚಪಾತಿಯನ್ನು ಮತ್ತೆ ತಟ್ಟೆಗೇ ಇಳಿಸಿದರು. ಒಂದು ಜನ್ಮವೆಲ್ಲ ಕಾದ ಕರೆ, ಬರಬಾರದಿದ್ದ ಒಂದೇ ಒಂದು ವಿಷಯವನ್ನು ಹೊತ್ತು ಬಂದಿತ್ತು.

"ನೋಡೋಣ ಬಿಡಿ. ಅದೇನು ಮಹಾ" ಎಂದರು.

"ಅಪ್ಪಂಗೆ ಹೇಳಬೇಕಾ? ಕಣ್ಮುಚ್ಚಿಕೊಂಡು ಹೇಳ್ತಾನೆ!" ಎಂದಳು ಯಾಮಿನಿ. ಚಿಕ್ಕಂದಿನಿಂದ ಈ ಕಥೆಗಳನ್ನು ಕೇಳುತ್ತಲೇ ತುತ್ತು ನುಂಗಿದ ಮಗಳು. ಆ ಹೆಮ್ಮೆಯನ್ನು ನೋಡಿ ತಿಪ್ಪೇಸ್ವಾಮಿಯವರಿಗೆ, ಬಂದೂಕು ಸಿಡಿಯದಿದ್ದರೂ ತಮ್ಮದೇ ಏನೋ ಸಿಡಿಯುತ್ತದೆ ಎನ್ನಿಸಿತು. ಅಂಬುಜಾ ಮಾತ್ರ ಏನನ್ನೋ ನೆನೆದವರಂತೆ, "ದೀಪಾವಳಿಗೆ ಲಕ್ಷ್ಮಿ ಪಟಾಕಿ ಹಚ್ಚಿದ್ರೆ ಬಚ್ಚಲಮನೆ ಬಾಗಿಲು ಹಾಕ್ಕೊಳ್ತಿದ್ರು" ಎಂದು ಗೋಡೆಗೆ ಹೇಳಿದರು.

ಸುದ್ದಿ ಮರುದಿನವೇ ಬದರಿನಾಥ್‌ಗೆ ಮುಟ್ಟಿತು. ಅವರು ಹೆಂಡತಿ ಲೀಲಾರೊಡನೆ ಸಂಜೆಯ ಕಾಫಿಗೆ ಬಂದದ್ದು ಆಕಸ್ಮಿಕವೆಂದು ಅವರೇ ಎರಡು ಬಾರಿ ಹೇಳಿದರು.

"ಕೇದಾರ್ ನನ್ನನ್ನ ಕರೀಬಹುದಿತ್ತು. ಪರ್ವಾಗಿಲ್ಲ, ನಾನೇನೂ ಅನ್ಕೊಳ್ಳಲ್ಲ" ಎಂದರು ಬದರಿನಾಥ್, ಅಂದುಕೊಂಡ ಮುಖದಲ್ಲಿ. "ಅಂದ ಹಾಗೆ ತಿಪ್ಪೇಸ್ವಾಮಿಯವ್ರೇ, ನೀವು ಹೆಡ್‌ಸ್ಪೇಸ್ ಚೆಕ್ ಮಾಡ್ತೀರಾ?" ಆ ಶಬ್ದವನ್ನು ಅವರು ಅದೇ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಓದಿ ಬಂದಿದ್ದರು.

"ಎಲ್ಲಾ ಸ್ಪೇಸೂ ನೋಡ್ತೀವಿ" ಎಂದರು ತಿಪ್ಪೇಸ್ವಾಮಿ.

"ಅವರು ಗುಂಡಿನ ತೂತಲ್ಲೇ ಗುಂಡು ಹೊಡೆದವರು, ಸುಮ್ನಿರಿ ನೀವು" ಎಂದರು ಲೀಲಾ.

"ಅದಕ್ಕೇ ಕೇಳ್ದೆ. ಶನಿವಾರ ಮಧ್ಯಾಹ್ನ ಬರ್ತೀನಿ, ಏನಾಯ್ತು ಅಂತ ತಿಳ್ಕೊಂಡು ಹೋಗ್ತೀನಿ. ನಾವೂ ಕಲಿಯೋದಿರುತ್ತಲ್ಲ" ಎಂದು ಬದರಿನಾಥ್ ಕೊನೆಯ ಗುಟುಕು ಹೀರಿ ಲೋಟವನ್ನು, ಅದರ ತಳವನ್ನು ತಿರುಗಿಸಿ ನೋಡಿ, ಕೆಳಗಿಟ್ಟರು. ಅಭ್ಯಾಸಬಲ.

ಉಳಿದದ್ದು ತಯಾರಿ. ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ತಿಪ್ಪೇಸ್ವಾಮಿ ಹಿತ್ತಿಲ ಹುಲ್ಲಿನ ಮೇಲೆ ಪೊರಕೆ ಹಿಡಿದು ನಿಂತರು. ಬುದ್ಧಿ ಮರೆತದ್ದನ್ನು ಮೈ ಮರೆತಿರಲಿಲ್ಲ. "ಸಾವಧಾನ್!" ಎಂದು ತಮಗೆ ತಾವೇ ಆಜ್ಞೆಯಿತ್ತರು; ಹಿಮ್ಮಡಿಗಳು ಕೂಡಿಕೊಂಡವು. "ಕಂಧೇ ಶಸ್ತ್ರ್!" ಪೊರಕೆ ಭುಜವೇರಿತು. "ಸಲಾಮೀ ಶಸ್ತ್ರ್!" ಪೊರಕೆ ಮುಖದ ಮುಂದೆ ನೆಟ್ಟಗೆ ನಿಂತಿತು, ಒಣಗಿದ ಎಲೆಯೊಂದು ಅದರ ತಲೆಯಿಂದ ಗೌರವಪೂರ್ವಕವಾಗಿ ಕೆಳಗಿಳಿಯಿತು.

ಬೇಲಿಯಾಚೆ ಬಟ್ಟೆ ಒಣಗಹಾಕುತ್ತಿದ್ದ ಸಮೋವಾದ ಮಲಿಯಾ ಇದನ್ನು ಕಂಡಳು. ಬಕೆಟ್ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಯಾರು ಹೋದರು, ಅಂಕಲ್?" ಎಂದು ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು.

"ಇನ್ನೂ ಯಾರೂ ಇಲ್ಲ. ನಾಳೆ ತಿಳಿಯುತ್ತದೆ" ಎಂದರು ತಿಪ್ಪೇಸ್ವಾಮಿ, ತಮ್ಮ ಮಾನವನ್ನೇ ನೆನೆದು.

ಮಲಿಯಾ ಆ ಸಂಜೆ ಒಂದು ದೊಡ್ಡ ಪಾತ್ರೆಯಲ್ಲಿ ಗೆಣಸು ಬೇಯಿಸಿ ತಂದುಕೊಟ್ಟು, ಅಂಬುಜಾರನ್ನು ಅಪ್ಪಿಕೊಂಡು ಹೋದಳು. ಏಕೆಂದು ಅಂಬುಜಾರಿಗೆ ಇಂದಿಗೂ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಮೂವರೂ ಹೊರಟರು. ಯಾಮಿನಿಗೆ ಕೆಲಸವಿತ್ತು. ಅಂಬುಜಾ ಬಂದದ್ದು ಎರಡು ಕಾರಣಕ್ಕೆ: ಹೊಸಬರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಕೋಡುಬಳೆಯ ಡಬ್ಬಿ ಹಿಡಿದು, ಆಯುಧದ ದೃಷ್ಟಿ ತೆಗೆಯದೆ ಮುಟ್ಟಬಾರದೆಂದು ನಿಂಬೆಹಣ್ಣು ಹಿಡಿದು.

ಮಾರುವವನ ಹೆಸರು ಟ್ರೆವರ್. ಎಪ್ಪತ್ತರ ಆಸುಪಾಸಿನವನು, ತಲೆಯಲ್ಲಿದ್ದ ಕೂದಲೆಲ್ಲ ಇಳಿದು ಹುಬ್ಬಿನಲ್ಲಿ ಬೀಡುಬಿಟ್ಟಂತಿದ್ದವನು. ಒನೆಹುಂಗಾದ ಮನೆ ಮಾರಿ ಟೌರಂಗಾದಲ್ಲಿ ಮಗಳ ಮನೆಯ ಪಕ್ಕದ ಚಿಕ್ಕ ಯೂನಿಟ್ಟಿಗೆ ಹೋಗುವವನಿದ್ದ. ಗ್ಯಾರೇಜಿನ ತುಂಬ ರಟ್ಟಿನ ಪೆಟ್ಟಿಗೆಗಳು. ಗೋಡೆಯ ಮೇಲೆ, ಕವಲು ಕವಲಾದ ಕೊಂಬಿನ ಒಂದು ಗಂಡುಜಿಂಕೆಯ ತಲೆ. ಅದರ ಗಾಜಿನ ಕಣ್ಣು ಬಂದವರನ್ನೆಲ್ಲ ಸಾಕ್ಷಿಯ ಹಾಗೆ ನೋಡುತ್ತಿತ್ತು.

"ನಮ್ಮಪ್ಪ ಹೊಡೆದದ್ದು ಅದು" ಎಂದ ಟ್ರೆವರ್, ಬಂದೂಕನ್ನು ಹೊದಿಕೆಯಿಂದ ಬಿಚ್ಚುತ್ತ. "ಇದೇ ಬಂದೂಕಿನಿಂದ. ಮಂಜು ಮುಸುಕಿದ ಬೆಳಗಂತೆ, ಕಣಿವೆಯ ಆ ಕಡೆಯ ದಿಬ್ಬದಿಂದ, ಒಂದೇ ಏಟು. ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಕಣಿವೆ ವರ್ಷವರ್ಷವೂ ಅಗಲವಾಗುತ್ತಿತ್ತು ಅನ್ನು."

ತಿಪ್ಪೇಸ್ವಾಮಿಯವರಿಗೆ, ಎಂದೂ ಕಾಣದ ಆ ತಂದೆಯ ಮೇಲೆ ಇದ್ದಕ್ಕಿದ್ದಂತೆ ಸೋದರಭಾವ ಉಕ್ಕಿತು.

ಕೇದಾರ್ ತಾನು ಕಲಿತದ್ದನ್ನೆಲ್ಲ ಮಾಡಿದ. ಗುಂಡಿನ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟು ತೆಗೆಸಿ, ಒಳಗೆ ಗುಂಡಿಲ್ಲವೆಂದು ಖಚಿತಮಾಡಿಕೊಂಡ. ಬೋಲ್ಟಿನ ಸಂಖ್ಯೆಯೂ ಬಂದೂಕಿನ ಮೈಮೇಲಿನ ಸಂಖ್ಯೆಯೂ ಒಂದೇ ಎಂದು ತಾಳೆ ನೋಡಿದ. ಸಣ್ಣ ಟಾರ್ಚು ಹಿಡಿದು ನಳಿಗೆಯ ಬಾಯಿಂದ ಒಳಗೆ ಇಣುಕಿದ. ಅವನ ಮುಖ ಅರಳಿತು.

"ಮಾವ! ಒಳಗೆ ಕನ್ನಡಿ ಇದ್ದ ಹಾಗಿದೆ. ಸುರುಳಿ ಗೆರೆ ಒಂದೂ ಸವೆದಿಲ್ಲ. ಇಷ್ಟು ಹಳೇ ಬಂದೂಕು ಹೀಗಿರೋದೇ ಇಲ್ಲವಂತೆ!"

"ಅಪ್ಪ ಜೋಪಾನವಾಗಿ ಇಟ್ಟಿದ್ದ" ಎಂದ ಟ್ರೆವರ್ ಹೆಮ್ಮೆಯಿಂದ. "ಒಳಗಿನ ಸೂಜಿ ಒಂದು ಮಾತ್ರ ಸವೆದು ಮೊಂಡಾಗಿತ್ತು. ಗುಂಡಿನ ಹಿಂಭಾಗಕ್ಕೆ ಬಡಿಯುತ್ತದಲ್ಲ, ಅದು. ಪಾಪ, ಎಷ್ಟು ಬಳಸಿದ್ದನೋ. ಕಳೆದ ತಿಂಗಳು ಹೊಸದು ಹಾಕಿದೆ. ಈಗ ಮದುವಣಿಗನ ಹಾಗಿದೆ, ಮೇಟ್."

ಕೇದಾರ್ ಮನಸ್ಸಿನಲ್ಲೇ ಬಂದೂಕನ್ನು ಮನೆಗೆ ಒಯ್ದು ಕಪಾಟಿನಲ್ಲಿಟ್ಟು ಬೀಗ ಹಾಕಿಯೂ ಆಗಿತ್ತು. ಶಾಸ್ತ್ರಕ್ಕೆಂಬಂತೆ ತಿರುಗಿದ. "ಮಾವ, ನೀವು ಒಂದು ಮಾತು ಹೇಳಿಬಿಡಿ."

ತಿಪ್ಪೇಸ್ವಾಮಿ ಮುಂದೆ ಬಂದರು. ಒಂದು ಸುತ್ತು ಹಾಕಿದರು. ಬಂದೂಕಿನ ಹಿಡಿಯನ್ನು ತೆಂಗಿನಕಾಯಿಯ ಹಾಗೆ ಕುಟ್ಟಿ ಕಿವಿಗೊಟ್ಟರು. ಮೂಸಿದರು. "ಹೂಂ" ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಟ್ರೆವರನಿಗೆ ತಿಳಿಯಲಿಲ್ಲ, ತಿಪ್ಪೇಸ್ವಾಮಿಯವರಿಗೂ ತಿಳಿದಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿ 'ಚೆನ್ನಾಗಿದೆ' ಎಂದಿದ್ದರೆ ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಿದ್ದರು. ಆದರೆ ಕೈಗೆ ತಗುಲಿದ ಆ ಭಾರ, ಆ ಎಣ್ಣೆಯ ವಾಸನೆ ಅವರ ಮುಪ್ಪನ್ನು ಕಸಿದುಕೊಂಡುಬಿಟ್ಟಿತು. ಕಣ್ಣು ಮುಚ್ಚಿದರು. ಒನೆಹುಂಗಾದ ಗ್ಯಾರೇಜಿನಲ್ಲಿ ದುರ್ಗದ ಬಿಸಿಲು ಬಿತ್ತು.

"ಕಂಧೇ ಶಸ್ತ್ರ್!"

ಟ್ರೆವರ್ ಬೆಚ್ಚಿ ಪೆಟ್ಟಿಗೆಯೊಂದಕ್ಕೆ ಒರಗಿದ. ಬಂದೂಕು ಭುಜವೇರಿತು.

"ಸಲಾಮೀ ಶಸ್ತ್ರ್!"

ಅಂಗೈ ಮರದ ಮೇಲೆ ಚಟಾರನೆ ಬಡಿಯಿತು; ಬಂದೂಕು ಮುಖದ ಮುಂದೆ ಕಂಬದಂತೆ ನಿಂತಿತು. ಕಿರುಬೆರಳು, ಯಾರ ಅಪ್ಪಣೆಗೂ ಕಾಯದೆ, ಎಡಮಗ್ಗುಲಲ್ಲಿ ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಹೋಯಿತು. ಮನೆ ಇರಲಿಲ್ಲ.

ತಿಪ್ಪೇಸ್ವಾಮಿ ಕಣ್ತೆರೆದರು. "ಇದು ಸರಿಯಿಲ್ಲ."

"ಏನು ಸರಿಯಿಲ್ಲ ಮಾವ?"

"ತೂತು ಎಲ್ಲಿ?"

"ಯಾವ ತೂತು?"

"ಉಸಿರಾಡೋ ತೂತು, ಅಳಿಯಂದಿರೇ! ತೂತಿಲ್ಲದ ಬಂದೂಕನ್ನ ಯಾರಾದ್ರೂ ತಗೋತಾರಾ?"

ಕೇದಾರ್ ಇದನ್ನು ಆದಷ್ಟು ಮರ್ಯಾದೆಯಾಗಿ ಟ್ರೆವರನಿಗೆ ಇಂಗ್ಲಿಷಿನಲ್ಲಿ ತಲುಪಿಸಿದ. ಟ್ರೆವರನ ಹುಬ್ಬುಗಳು ಮೇಲೆ ಹೋಗಿ ಹಳೆಯ ಊರಾದ ನೆತ್ತಿಯನ್ನು ಮುಟ್ಟಿಬಂದವು. "ಬಂದೂಕಿಗೆ ಒಂದೇ ತೂತು, ಮೇಟ್. ಅದು ಮುಂದುಗಡೆ ಇರುತ್ತದೆ."

ಕೇದಾರನ ಕಿವಿ ಕೆಂಪಾಯಿತು. ಮಾವ ಏನನ್ನೋ ಬಡಬಡಿಸುತ್ತಿದ್ದಾರೆಂಬ ಅನುಮಾನ ಮೊದಲ ಬಾರಿಗೆ ಅವನ ಕಣ್ಣಲ್ಲಿ ಮೂಡಿದ್ದನ್ನು ತಿಪ್ಪೇಸ್ವಾಮಿ ಕಂಡರು. ಯಾಮಿನಿಯ ಹೆಮ್ಮೆ, ಬದರಿನಾಥರ ನಗು, ಎಲ್ಲವೂ ಒಟ್ಟಿಗೆ ಕಣ್ಮುಂದೆ ಬಂದವು. ಬೆರಳಿನಿಂದ ಮರವನ್ನು ಕುರುಡನ ಹಾಗೆ ತಡವಿದರು. ತಡವಿದ ಬೆರಳು ನಿಂತಿತು. ಅಲ್ಲಿ ಮರದ ನುಣುಪಿನಲ್ಲಿ ಒಂದು ಗುಂಡನೆಯ ತೇಪೆ, ಉಳಿದದ್ದಕ್ಕಿಂತ ಒಂದಿಷ್ಟು ಬಣ್ಣ ಹೆಚ್ಚು.

"ಇಲ್ಲಿದೆ! ಯಾವನೋ ಮುಟ್ಠಾಳ ಮುಚ್ಚಿಬಿಟ್ಟಿದಾನೆ! ಅಂಬುಜಾ, ಒಂದು ಪಿನ್ನು ಕೊಡೇ!"

ಅಂಬುಜಾರ ಬಳೆಗೆ ಸದಾ ನೇತಾಡುವ ಸೇಫ್ಟಿ ಪಿನ್ನುಗಳ ಗೊಂಚಲಿನಿಂದ ದೊಡ್ಡದೊಂದು ಬಂತು. "ಏಯ್ ಏಯ್, ಅದು ನಮ್ಮಪ್ಪನ ಬಂದೂಕು!" ಎಂದು ಟ್ರೆವರ್ ಮುಂದೆ ಬರುವಷ್ಟರಲ್ಲಿ ತಿಪ್ಪೇಸ್ವಾಮಿ ಕೆದಕತೊಡಗಿದ್ದರು. ಪುಡಿಪುಡಿಯಾಗಿ ಉದುರಿದ್ದು ಮರವಲ್ಲ, ಬಣ್ಣ ಹಚ್ಚಿದ ಮೇಣ. ಅದರಡಿಯಲ್ಲಿ ಗಟ್ಟಿಯಾದ ಮಣ್ಣಿನಂಥದ್ದು. ಅದೂ ಬಿತ್ತು.

"ಟಾರ್ಚು ಹಾಕಿ ಈಗ" ಎಂದರು.

ಕೇದಾರ್ ನಳಿಗೆಯ ಬಾಯಿಗೆ ಟಾರ್ಚು ಹಿಡಿದ. ಬಂದೂಕಿನ ಪಕ್ಕೆಯಿಂದ ಬೆಳಕಿನ ಒಂದು ಎಳೆ ಹೊರಬಂದು, ಗ್ಯಾರೇಜಿನ ಧೂಳನ್ನು ಹಾದು, ಅಂಬುಜಾರ ಕೈಯಲ್ಲಿದ್ದ ನಿಂಬೆಹಣ್ಣಿನ ಮೇಲೆ ಕುಳಿತಿತು.

"ನೋಡಿದ್ರಾ!" ತಿಪ್ಪೇಸ್ವಾಮಿಯವರ ದನಿಯಲ್ಲಿ ಅರವತ್ತೈದು ವರ್ಷಗಳ ವಿಜಯವಿತ್ತು. "ಈಗ ಸರಿಯಾಯ್ತು. ಈಗ ಧಾರಾಳವಾಗಿ ತಗೊಳ್ಳಿ."

ಕೇದಾರ್ ಮೆಲ್ಲನೆ ಬಣ್ಣದ ಡಬ್ಬಿಯೊಂದರ ಮೇಲೆ ಕುಳಿತ. ತೂತು ಇದ್ದದ್ದು ಗುಂಡು ಕೂರುವ ಗೂಡಿಗೇ. ಮದ್ದು ಸಿಡಿದರೆ ಬೆಂಕಿ ಮುಂದಕ್ಕೆ ಹೋಗುವ ಬದಲು ಅಲ್ಲಿಂದ ಹೊರಗೆ ಹಾರುತ್ತಿತ್ತು. ಹೊಸ ಸೂಜಿ ಹಾಕಿದ್ದರಿಂದ ಸಿಡಿಯುವುದಂತೂ ಖಂಡಿತವಿತ್ತು. ಅವನು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಅಂಗಡಿಯಿಂದ ಈಗ ತಾನೇ ತಂದದ್ದರ ಹಾಗೆ.

ಟ್ರೆವರ್ ಬಂದೂಕಿನ ಹಿಡಿಯ ಮೇಲಿದ್ದ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದ. ಕೆಳಗೆ ಎರಡು ಇಂಗ್ಲಿಷ್ ಅಕ್ಷರ ಕಂಡವು: ಡಿ, ಪಿ.

"ಹಾಂ! ಅದೂ ಇತ್ತು ನಮ್ಮದ್ರಲ್ಲಿ" ಎಂದರು ತಿಪ್ಪೇಸ್ವಾಮಿ ಉತ್ಸಾಹದಿಂದ. "ಈ ತೂತಲ್ಲಿ ನಾನು ಪೆಪ್ಪರ್‌ಮಿಂಟು ಇಟ್ಕೊಳ್ತಿದ್ದೆ."

"ಮಾವ" ಎಂದ ಕೇದಾರ್ ಮೆತ್ತಗೆ, "ಕಾಲೇಜಲ್ಲಿ ನೀವು ಹಿಡಿದಿದ್ದ ಬಂದೂಕುಗಳಲ್ಲೆಲ್ಲಾ ಈ ತೂತಿತ್ತಾ?"

"ಎಲ್ಲದ್ರಲ್ಲೂ! ತೂತಿಲ್ಲದ ಬಂದೂಕನ್ನ ನಾನು ಜೀವಮಾನದಲ್ಲೇ ಮುಟ್ಟಿಲ್ಲ."

"ಡಿ.ಪಿ. ಅಂದ್ರೆ ಡ್ರಿಲ್ ಪರ್ಪಸ್. ಕವಾಯತಿನ ಬಂದೂಕು, ಮಾವ. ಸೂಜಿ ಮುರಿದು, ಗೂಡಿಗೆ ತೂತು ಕೊರೀತಾರೆ. ಯಾರೂ ಯಾವತ್ತೂ ಇದರಿಂದ ಗುಂಡು ಹಾರಿಸಬಾರದು ಅಂತ."

ಆ ಮಾತು ತಿಪ್ಪೇಸ್ವಾಮಿಯವರಿಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಅದು ಚಿತ್ರದುರ್ಗದವರೆಗೆ ಹೋಗಿ, ಹವಾಲ್ದಾರರ ಮೀಸೆಯನ್ನು ಎತ್ತಿ ನೋಡಿ, ಮರಳಿ ಬರಬೇಕಿತ್ತು. ಗುಂಡಿನ ತೂತಿನಲ್ಲಿ ಗುಂಡು ತೂರಿಸಿದವರು ತಮ್ಮ ಬಾಯಿಂದಲೇ, ಸಾಕ್ಷಿಗಳ ಸಮಕ್ಷಮದಲ್ಲಿ, ಎಲ್ಲವನ್ನೂ ಹೇಳಿ ಮುಗಿಸಿದ್ದರು.

ಗ್ಯಾರೇಜಿನ ಇನ್ನೊಂದು ತುದಿಯಲ್ಲಿ ಟ್ರೆವರ್ ಬಂದೂಕನ್ನು ಬಿಟ್ಟು ಗೋಡೆಯ ಕಡೆ ನೋಡುತ್ತಿದ್ದ. ಜಿಂಕೆಯೂ ಅವನನ್ನೇ ನೋಡುತ್ತಿತ್ತು.

"ಹಾಗಾದರೆ ಸೂಜಿ ಸವೆದದ್ದಲ್ಲ" ಎಂದ ಟ್ರೆವರ್. ಆಮೇಲೆ, "ಹಾಗಾದರೆ ಇದನ್ನು ಹೊಡೆದದ್ದು ಯಾರು?"

ಸತ್ತ ತಂದೆಯೊಬ್ಬನ ಕಣಿವೆ ಕಣ್ಮುಂದೆಯೇ ಕಿರಿದಾಗುತ್ತ ಬರುತ್ತಿತ್ತು. ತಿಪ್ಪೇಸ್ವಾಮಿಯವರಿಗೆ ತಮ್ಮ ಸಂಕಟ ಮರೆತುಹೋಯಿತು. ಹೋಗಿ ಬಂದೂಕನ್ನು ಕೈಗೆತ್ತಿಕೊಂಡು, ಮರದ ಒಂದು ಭಾಗವನ್ನು ಟ್ರೆವರನಿಗೆ ತೋರಿಸಿದರು. ಅಲ್ಲಿ ಅಂಗೈಯಗಲ ಜಾಗ ತಗ್ಗಿ, ಹೊಳೆಯುತ್ತಿತ್ತು.

"ನೋಡಿ. ಇದು ಸುಮ್ಮನೆ ಸವೆದದ್ದಲ್ಲ. ಸಲಾಮಿ ಕೊಡುವಾಗ ಕೈ ಬಡಿಯುವ ಜಾಗ. ನಮ್ಮ ಕಾಲೇಜಿನ ಯಾವ ಬಂದೂಕೂ ಇಷ್ಟು ಸವೆದಿರಲಿಲ್ಲ. ನಿಮ್ಮ ತಂದೆ ದೊಡ್ಡ ಕವಾಯತುಗಾರರು." ಹರಕು ಇಂಗ್ಲಿಷಾದರೂ ದನಿಯಲ್ಲಿ ಸುಳ್ಳಿನ ಸುಳಿವಿರಲಿಲ್ಲ.

ಟ್ರೆವರ್ ತನ್ನ ಅಂಗೈಯನ್ನು ಆ ತಗ್ಗಿನಲ್ಲಿಟ್ಟು ನೋಡಿದ. "ಯುದ್ಧಕ್ಕೆ ಅವನನ್ನು ಕಳಿಸಲಿಲ್ಲ. ಕಾಲು ಸರಿಯಿರಲಿಲ್ಲ" ಎಂದ, ನೆನಪನ್ನು ಎಲ್ಲೋ ಪೆಟ್ಟಿಗೆಯ ತಳದಿಂದ ತೆಗೆದಂತೆ. "ಇಲ್ಲೇ ಹುಡುಗರಿಗೆ ಕವಾಯತು ಕಲಿಸುತ್ತಿದ್ದ. ಅದನ್ನು ಮಾತ್ರ ಅವನು ಯಾವತ್ತೂ ಹೇಳಿಕೊಳ್ಳಲಿಲ್ಲ. ಅಮ್ಮ ಹೇಳಿದ್ದಳು."

ಈ ಸಂದರ್ಭಕ್ಕೆ ಲೋಕದಲ್ಲಿ ಒಂದೇ ಉತ್ತರವಿತ್ತು. ಅಂಬುಜಾ ಡಬ್ಬಿಯ ಮುಚ್ಚಳ ತೆಗೆದರು. ಮೂವರು ಗಂಡಸರೂ ಒಂದೊಂದು ಕೋಡುಬಳೆ ತೆಗೆದುಕೊಂಡು ಮುರಿದರು.

ಬಂದೂಕನ್ನು ಟ್ರೆವರ್ ಮಾರಲಿಲ್ಲ. ಹಾಗೆಯೇ ಕೊಟ್ಟುಬಿಟ್ಟ, ಹೊಸ ಸೂಜಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಇನ್ನು ಮೇಲೆ ಇದು ಅಡ್ಡಕಸುಬು ಮಾಡದಿರಲಿ ಎಂದ. "ಲೈಸೆನ್ಸ್ ಹುಡುಗನದು, ಬಂದೂಕು ಮುದುಕನದು" ಎಂದು ಷರತ್ತು ಹಾಕಿದ. ಜಿಂಕೆಯ ತಲೆಯನ್ನು ಮಾತ್ರ ಹಳೆಯ ಕಂಬಳಿಯಲ್ಲಿ ಸುತ್ತಿ ತನ್ನೊಡನೆ ಟೌರಂಗಾಕ್ಕೆ ಒಯ್ಯುವ ಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡ.

ಹಿಂದಿರುಗುವಾಗ ಕಾರಿನಲ್ಲಿ ಕೇದಾರ್ ರಸ್ತೆ ನೋಡುತ್ತಿದ್ದ. ತಿಪ್ಪೇಸ್ವಾಮಿ ಅಳಿಯನ ಕಿವಿಯನ್ನು ನೋಡುತ್ತಿದ್ದರು. ಕಿವಿಯಿಂದ ಏನೂ ಗೊತ್ತಾಗಲಿಲ್ಲ. ಮನೆಯ ಮುಂದೆ ಬದರಿನಾಥರ ಕಾರು ಆಗಲೇ ನಿಂತಿತ್ತು. ಒಳಗೆ ಯಾಮಿನಿಯೂ ಕೆಲಸದಿಂದ ಬಂದು ಕಾಯುತ್ತಿದ್ದಳು.

"ಏನಾಯ್ತು?" ಎಂದರು ಬದರಿನಾಥ್, ಚಪ್ಪಲಿ ಬಿಡಲೂ ಬಿಡದೆ. "ತಿಳಿದವರು ಏನಂದ್ರು?"

ಸೋಫಾದ ಅಂಚಿನಲ್ಲಿ ಕುಳಿತ ತಿಪ್ಪೇಸ್ವಾಮಿ, ಹಾಸ್ಟೆಲಿನ ಕಿಟಕಿಯಲ್ಲಿ ನಿಂತ ದಿನದಂತೆ ಎರಡೂ ಕೆನ್ನೆಗಳನ್ನು ಕೈಯಿಂದ ಹಿಡಿದುಕೊಂಡರು.

"ನಾನು ಎಲ್ಲಾ ಚೆಕ್ ಮಾಡಿದ್ದೆ ಅಂಕಲ್" ಎಂದ ಕೇದಾರ್. "ನಂಬರ್ ನೋಡಿದೆ, ಬ್ಯಾರೆಲ್ ನೋಡಿದೆ. ಏನೂ ಗೊತ್ತಾಗ್ಲಿಲ್ಲ. ಮಾವ ಕಣ್ಮುಚ್ಚಿ ಕೈಗೆ ತಗೊಂಡ್ರು, ಇದು ಸರಿಯಿಲ್ಲ ಅಂದ್ರು. ಗುಂಡಿನ ಗೂಡಿಗೇ ತೂತು ಕೊರೆದು, ಮೇಣ ಮೆತ್ತಿ ಬಣ್ಣ ಹಚ್ಚಿದ್ರು. ಇವತ್ತು ಮಾವ ಇಲ್ಲದಿದ್ರೆ ನನ್ನ ಎಡಗೈ ಇರ್ತಿರ್ಲಿಲ್ಲ."

ಲೀಲಾ ಎದೆಯ ಮೇಲೆ ಕೈಯಿಟ್ಟುಕೊಂಡರು. ಯಾಮಿನಿ ಅಪ್ಪನ ಪಕ್ಕ ಬಂದು ಕುಳಿತಳು. ಬದರಿನಾಥ್ ಮಾತ್ರ ಸೋಲೊಪ್ಪುವ ಕುಲದವರಲ್ಲ.

"ಅದು ಸರಿ. ಮುಟ್ಟಿ ಹೇಳೋದು ಬೇರೆ, ಹೊಡೆಯೋದು ಬೇರೆ. ನಿಜ ಹೇಳು ಕೇದಾರ್, ಇವರು ಹೇಳೋ ಹಾಗೆ ಅಷ್ಟು ಕರೆಕ್ಟಾಗಿ ಹೊಡೀತಿದ್ರು ಅಂತ ನೀನು ನಂಬ್ತೀಯಾ?"

ಕೇದಾರ್ ನೀರಿನ ಲೋಟವನ್ನು ಎಡಗೈಯಲ್ಲಿ ಎತ್ತಿ, ನಿಧಾನವಾಗಿ ಕುಡಿದು, ಕೆಳಗಿಟ್ಟ.

"ನಾನು ಪ್ರಮಾಣ ಮಾಡಿ ಹೇಳ್ತೀನಿ ಅಂಕಲ್. ನಮ್ಮ ಮಾವ ಹಾರಿಸಿದ ಒಂದೇ ಒಂದು ಗುಂಡೂ ಇವತ್ತಿನವರೆಗೆ ಗುರಿ ತಪ್ಪಿಲ್ಲ."

ಅಡಿಗೆಮನೆಯಲ್ಲಿ ಅಂಬುಜಾರಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು.

ಮುಂದಿನ ವಾರವೇ ಜಲಸಂಧಿಯಾಚೆಯ ದಕ್ಷಿಣ ದ್ವೀಪದ ರಿಕ್ಕರ್ಟನ್ನಿನಿಂದ ಬದರಿನಾಥರ ತಮ್ಮನ ಫೋನು ಬಂತು: ಒಂದು ಹಳೆಯ ವಾಷಿಂಗ್ ಮಷೀನು ಕೊಳ್ಳಬೇಕಿದೆ, ತಿಪ್ಪೇಸ್ವಾಮಿ ಅಂಕಲ್ ವಿಡಿಯೋದಲ್ಲಾದರೂ ಸ್ವಲ್ಪ ನೋಡುತ್ತಾರಾ? ತಿಪ್ಪೇಸ್ವಾಮಿ ಅದಕ್ಕೆ ಎಲ್ಲಿ ತೂತಿದೆಯೆಂದು ಮೊದಲು ಕೇಳಿದರು. ಮಷೀನು ಸೋರುತ್ತಿತ್ತು. ಕೀರ್ತಿ ಕುಕ್ ಜಲಸಂಧಿಯ ಎರಡೂ ದಡಗಳಲ್ಲಿ ಸ್ಥಿರವಾಯಿತು.

ಆದರೆ ಗುರಿ ಹೊಡೆದ ಕಥೆಯನ್ನು ಅವರು ಮತ್ತೆ ಹೇಳಲಿಲ್ಲ. ಯಾರಾದರೂ ಕೇಳಿದರೆ "ಅದೆಲ್ಲ ಹಳೇದು" ಎನ್ನುತ್ತಿದ್ದರು. ಅಳಿಯನೂ ಆ ಮಾತೆತ್ತಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ, ಮಲಗಿದ ಮಗುವನ್ನು ದಾಟಿ ಓಡಾಡುವವರಂತೆ, ಅದನ್ನು ದಾಟಿ ಓಡಾಡಿದರು. ಅವನು ತಮ್ಮನ್ನು ಕಂಡು ಒಳಗೊಳಗೇ ನಗುತ್ತಿರುವನೋ, ಮರುಗುತ್ತಿರುವನೋ? ಇಷ್ಟು ತಿಳಿದವರಾದರೂ ಇದೊಂದು ತಿಪ್ಪೇಸ್ವಾಮಿಯವರಿಗೆ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಆ ನಾಡಿನಲ್ಲಿ ಅದು ವಸಂತ; ಹಿತ್ತಿಲಿನ ಪ್ಲಮ್ ಮರ ಹೂ ಕಳಚಿ ಎಳೆಯ ಎಲೆ ಉಟ್ಟಿತ್ತು. ಗ್ಯಾರೇಜಿನ ಬಾಗಿಲಲ್ಲಿ ಅಂಬುಜಾ ಮಣೆ ಹಾಕಿ ಮಿಕ್ಸಿ, ಕತ್ತರಿ, ಯಾಮಿನಿಯ ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿ ಕೂರಿಸಿದ್ದರು. ಕೇದಾರ್ ಕಪಾಟಿನ ಬೀಗ ತೆಗೆದು ಬಂದೂಕನ್ನು ತಂದು, ಅರಿಶಿನ ಕುಂಕುಮ ಹಚ್ಚಿಸಿ, ಮಾವನ ಕೈಗಿಟ್ಟ.

"ಒಂದು ಸಲಾಮಿ ಆಗಲಿ ಮಾವ, ಹಬ್ಬಕ್ಕೆ."

ತಿಪ್ಪೇಸ್ವಾಮಿ ಸಂಕೋಚದಿಂದಲೇ ನಿಂತರು. ಹಿಮ್ಮಡಿ ಕೂಡಿತು. ಬೇಲಿಯಾಚೆ ಮಲಿಯಾ ಬಕೆಟ್ ಕೆಳಗಿಟ್ಟು ಎದೆಗೆ ಕೈಯಿಟ್ಟುಕೊಂಡಳು. "ಸಲಾಮೀ ಶಸ್ತ್ರ್!" ಅಂಗೈ ಚಟಾರೆಂದಿತು. ಕಿರುಬೆರಳು ತಾನಾಗಿಯೇ ತನ್ನ ಮನೆಗೆ ಹೋಯಿತು, ಬಾಗಿಲಲ್ಲೇ ತಡೆಯಿತು. ಒಳಗೆ ಯಾರೋ ಇದ್ದರು. ಗುಂಡಗೆ, ಬೆಳ್ಳಗೆ, ತಣ್ಣಗೆ.

ಒಂದು ಪೆಪ್ಪರ್‌ಮಿಂಟು.

ತಿಪ್ಪೇಸ್ವಾಮಿ ಅಳಿಯನ ಕಡೆ ನೋಡಿದರು. ಕೇದಾರ್ ಕಾರಿನ ಮುಂದಿನ ಗಾಲಿಯಡಿ ನಿಂಬೆಹಣ್ಣು ಸರಿಯಾಗಿ ಕೂರಿಸುವುದರಲ್ಲಿ, ಸೇತುವೆ ಕಟ್ಟುವವನ ತನ್ಮಯತೆಯಿಂದ, ಬಗ್ಗಿಕೊಂಡಿದ್ದ. ಅವನ ಕೆಂಪಾದ ಕಿವಿ ಮಾತ್ರ ಕಾಣುತ್ತಿತ್ತು. ಈ ಬಾರಿ ಅದರಿಂದ ಎಲ್ಲವೂ ಗೊತ್ತಾಯಿತು.

"ವಿಶ್ರಾಮ್" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಂಡು, ತಿಪ್ಪೇಸ್ವಾಮಿ ಅದನ್ನು ಬಾಯಿಗೆ ಹಾಕಿಕೊಂಡರು.